ಕಂಪ್ಯೂಟರ್ ರಿಪೇರಿ ಬಿಲ್: ಎಷ್ಟು ಕೊಡ್ಬೇಕು, ಯಾವಾಗ ಕೊಡ್ಬೇಕು, ಜಾಸ್ತಿ ಕೇಳಿದ್ರೆ ಏನ್ ಮಾಡ್ಬೇಕು

ಮನೆ ಕಂಪ್ಯೂಟರ್ ರಿಪೇರಿ ವಿಷ್ಯದಲ್ಲಿ ಆಗೋ ಜಗಳ ಬಹುಪಾಲು ದುಡ್ಡಿಂದೇ. ಫೋನಲ್ಲಿ "ಬಂದು ನೋಡ್ತೀನಿ ಸಾರ್, ಜಾಸ್ತಿ ಏನಾಗಲ್ಲ" ಅಂದಿರ್ತಾರೆ, ನಾವು ಮನಸ್ಸಲ್ಲೇ 500 ಅಂತ ಲೆಕ್ಕ ಹಾಕ್ಕೊಂಡಿರ್ತೀವಿ, ಆ ರಿಪೇರಿ ಹುಡುಗನ ಮನಸ್ಸಲ್ಲಿ 2500 ಇರತ್ತೆ, ಇಬ್ರೂ ಬಾಯಿಬಿಟ್ಟು ಹೇಳಿರಲ್ಲ, ಕೊನೆಗೆ ಕಂಪ್ಯೂಟರ್ ಆನ್ ಆದ್ಮೇಲೆ ಹಾಲ್‌ನಲ್ಲಿ ನಿಂತ್ಕೊಂಡು ಚೌಕಾಸಿ ಶುರು. ಆ ಹೊತ್ತಲ್ಲಿ ಮಾತಾಡಿ ಪ್ರಯೋಜನ ಕಮ್ಮಿ. ಸ್ಕ್ರೂ ಬಿಚ್ಚೋಕೆ ಮುಂಚೆ ರೇಟ್ ಮಾತು ಮುಗಿದಿರ್ಬೇಕು, ಅದೂ ಬಾಯಿಮಾತಲ್ಲಲ್ಲ, ವಾಟ್ಸಾಪಲ್ಲಿ. ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲನೇದಾಗಿ, ಯಾರನ್ನಾದ್ರೂ ಕರೆಯೋಕೆ ಮುಂಚೆ ಐದ್ ನಿಮಿಷ ನೀವೇ ನೋಡಿ. ಡೆಸ್ಕ್‌ಟಾಪ್ ಆನ್ ಆಗ್ತಿದೆ, ಫ್ಯಾನ್ ತಿರುಗ್ತಿದೆ, ಆದ್ರೆ ಡಿಸ್ಪ್ಲೇ ಬರ್ತಿಲ್ಲ ಅಂದ್ರೆ ಎಷ್ಟೋ ಸಲ ರ್‍ಯಾಮ್ (ಮೆಮೊರಿ ಪಟ್ಟಿ) ಸರಿಯಾಗಿ ಕೂತಿರಲ್ಲ ಅಷ್ಟೇ. ಪ್ಲಗ್ ಕಿತ್ತು, ಸೈಡ್ ಪ್ಯಾನೆಲ್ ತೆಗೆದು, ರ್‍ಯಾಮ್ ಸ್ಟಿಕ್ ಎಳೆದು, ಕೆಳಗಿರೋ ಚಿನ್ನದ ಬಣ್ಣದ ಪಟ್ಟಿನ ಮಕ್ಕಳ ಪೆನ್ಸಿಲ್ ರಬ್ಬರಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನೋ ತನಕ ಒತ್ತಿ ಕೂರಿಸಿ. ಟೆಕ್ನಿಷಿಯನ್ ಬಂದ್ರೂ ಮೊದಲು ಮಾಡೋದು ಇದನ್ನೇ. ಇನ್ನೊಂದು, ಪ್ರತಿ ಸಲ ಆನ್ ಮಾಡ್ದಾಗ ಡೇಟು ಟೈಮು ಹಳೇದಕ್ಕೆ ಹೋಗ್ತಿದೆ ಅಂದ್ರೆ ಮದರ್‌ಬೋರ್ಡ್ (ಒಳಗಿರೋ ಮುಖ್ಯ ಬೋರ್ಡ್) ಮೇಲಿರೋ ಸಿಆರ್ 2032 ಅನ್ನೋ ಬಿಲ್ಲೆ ಸೆಲ್ ಹೋಗಿರತ್ತೆ, ವಾಚ್ ರಿಪೇರಿ ಅಂಗಡೀಲೂ ಸಿಗತ್ತೆ, ಅದಕ್ಕೆ "ಬೋರ್ಡ್ ಪ್ರಾಬ್ಲಮ್" ಅಂತ ಸಾವಿರಗಟ್ಲೆ ಕೊಡೋ ಅಗತ್ಯ ಇಲ್ಲ. ಲ್ಯಾಪ್‌ಟಾಪ್ ಸತ್ತಂಗೆ ಬಿದ್ದಿದ್ರೆ ಚಾರ್ಜರ್ ತೆಗೆದು ಪವರ್ ಬಟನ್ನ ಅರ್ಧ ನಿಮಿಷ ಒತ್ತಿ ಹಿಡಿದು ಬಿಟ್ಟು, ಆಮೇಲೆ ಚಾರ್ಜರ್ ಹಾಕಿ ನೋಡಿ. ವಾರಂಟಿ ಇದ್ರೆ ಮಾತ್ರ ಬಿಚ್ಚೋಕೆ ಹೋಗ್ಬೇಡಿ, ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗಿ.

ಇವ್ಯಾವ್ದಕ್ಕೂ ಬಗ್ಗಲಿಲ್ಲ ಅಂದ್ರೆ ಕರೀರಿ. ಫೋನಲ್ಲೇ ಮೂರು ಮಾತು ಕೇಳ್ಬೇಕು. ವಿಸಿಟಿಂಗ್ ಚಾರ್ಜ್ ಎಷ್ಟು, ರಿಪೇರಿ ಮಾಡಿಸಿದ್ರೆ ಆ ದುಡ್ಡು ಬಿಲ್ಲಲ್ಲಿ ಕಳೀತೀರೋ ಇಲ್ವೋ, ರಿಪೇರಿ ಆಗ್ಲಿಲ್ಲ ಅಂದ್ರೆ ನಾನೆಷ್ಟು ಕೊಡ್ಬೇಕು. ಬೆಂಗಳೂರಲ್ಲಿ ಮನೆಗೆ ಬಂದು ನೋಡೋಕೆ ಸಾಮಾನ್ಯವಾಗಿ 300ರಿಂದ 500 ಕೇಳ್ತಾರೆ, ಊರು ದೂರ ಇದ್ರೆ ಜಾಸ್ತಿ. ನೀವೇ ಸಿಪಿಯು ಹೊತ್ಕೊಂಡು ಎಸ್‌ಪಿ ರೋಡಿನ ಕಂಪ್ಯೂಟರ್ ಮಾರ್ಕೆಟ್ಟಿಗೋ ನಿಮ್ಮೂರಿನ ಕಂಪ್ಯೂಟರ್ ಅಂಗಡಿಗೋ ಹೋದ್ರೆ ವಿಸಿಟಿಂಗ್ ಉಳಿಯತ್ತೆ, ಆದ್ರೆ ಚೆಕ್ಕಿಂಗ್ ಚಾರ್ಜ್ ಅಂತ ಅಲ್ಲೂ ಇರಬಹುದು, ಅದನ್ನೂ ಕೇಳಿ.

ಇಲ್ಲೊಂದು ಮಾತು ಟೆಕ್ನಿಷಿಯನ್ ಪರವಾಗಿ. ಬಂದು ನೋಡಿ "ಇದು ಆಗಲ್ಲ ಸಾರ್" ಅಂದ್ರೂ ಅವನ ಪೆಟ್ರೋಲು, ಅರ್ಧ ದಿನ ಹೋಗಿರತ್ತೆ, ವಿಸಿಟಿಂಗ್ ಚಾರ್ಜ್ ಕೊಡಲೇಬೇಕು. "ಬರೀ ಒಂದು ವೈರ್ ತೆಗೆದು ಹಾಕಿದ್ದಕ್ಕೆ 500ಆ" ಅಂತ ಮುಖ ಸಿಂಡರಿಸೋರು ನಮ್ಮಲ್ಲಿ ಕಮ್ಮಿ ಇಲ್ಲ, ಯಾವ ವೈರ್ ಅಂತ ಗೊತ್ತಿದ್ದಿದ್ರೆ ನಾವೇ ತೆಗೆದು ಹಾಕ್ತಿದ್ವಲ್ಲ. ಎರಡು ನಿಮಿಷದಲ್ಲಿ ಮುಗೀತು ಅನ್ನೋದು ಬಿಲ್ ಕಮ್ಮಿ ಮಾಡ್ಸೋಕೆ ಕಾರಣ ಅಲ್ಲ. ಹೇಳದೇ ಇದ್ದ ಚಾರ್ಜ್ ಹಾಕಿದ್ರೆ ಅದು ಕಾರಣ.

ಕೊಡೋಕೆ ಮುಂಚೆ

ಲ್ಯಾಪ್‌ಟಾಪ್ ಅಂಗಡೀಲಿ ಬಿಟ್ಟು ಬರೋದಾದ್ರೆ ಮೊದಲು ಫೋಟೋ ತೆಗೀರಿ: ನಾಲ್ಕೂ ಕಡೆ, ಹಿಂಜ್, ಸ್ಕ್ರೀನ್, ಕೆಳಗಿರೋ ಸೀರಿಯಲ್ ನಂಬರ್ ಸ್ಟಿಕ್ಕರ್. ಆನ್ ಆಗೋ ಸ್ಥಿತೀಲಿದ್ರೆ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬಲ್ಲಿ ರ್‍ಯಾಮ್ ಎಷ್ಟು, ಎಸ್‌ಎಸ್‌ಡಿ (ಫೈಲ್ ಎಲ್ಲಾ ಇರೋ ಡಿಸ್ಕ್) ಯಾವ ಕಂಪನಿ ಯಾವ ಮಾಡೆಲ್ ಅಂತ ತೋರಿಸೋ ಸ್ಕ್ರೀನಿಗೂ ಒಂದೊಂದು ಫೋಟೋ. 16 ಜಿಬಿ ಕೊಟ್ಟು 8 ಜಿಬಿ ವಾಪಸ್ ತಂದ ಕಥೆಗಳು ಇವೆ, 2025ರ ಕೊನೇಲಿ ರ್‍ಯಾಮ್ ರೇಟು ಏರಿದ್ಮೇಲಂತೂ ಈ ಫೋಟೋ ಬೇಕೇ ಬೇಕು. ಫೋಟೋ ಇಲ್ದೆ ಹೋಗಿ "ನಂದ್ರಲ್ಲಿ 16 ಇತ್ತು" ಅಂದ್ರೆ ಅದು ನಿಮ್ಮ ಮಾತು ಅವರ ಮಾತು ಅಷ್ಟೇ.

ಬ್ಯಾಕಪ್ ನೀವೇ ತಗೊಳ್ಳಿ. "ಡೇಟಾಗೆ ನಾವು ಜವಾಬ್ದಾರರಲ್ಲ" ಅಂತ ಹೆಚ್ಚುಕಮ್ಮಿ ಎಲ್ಲಾ ಅಂಗಡಿ ಚೀಟೀಲೂ ಅಚ್ಚಾಗಿರತ್ತೆ. ವಿಂಡೋಸ್ 11 ಇರೋ ಲ್ಯಾಪ್‌ಟಾಪಲ್ಲಿ ಎಷ್ಟೋ ಸಲ ನಿಮಗೆ ಗೊತ್ತಿಲ್ದೇನೇ ಡಿಸ್ಕ್ ಲಾಕ್ ಆಗಿರತ್ತೆ, ಬಿಟ್‌ಲಾಕರ್ ಅಂತಾರೆ, ಮದರ್‌ಬೋರ್ಡ್ ಬದಲಾಯಿಸಿದ ತಕ್ಷಣ 48 ಅಂಕಿಯ ರಿಕವರಿ ಕೀ ಕೇಳತ್ತೆ, ಅದಿಲ್ಲ ಅಂದ್ರೆ ಮಗಳ ಮದುವೆ ಫೋಟೋ ಅಲ್ಲೇ ಸಮಾಧಿ, ಯಾವ ಟೆಕ್ನಿಷಿಯನ್ನೂ ತೆಗೆಯಲ್ಲ. ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಆ ಕೀನ ಮೊದಲೇ ಬರ್ಕೊಂಡು ಇಟ್ಕೊಳ್ಳಿ. ಇನ್ನು ಪಾಸ್‌ವರ್ಡ್ ಕೇಳ್ತಾರೆ, ನಿಮ್ಮ ಮೇನ್ ಪಾಸ್‌ವರ್ಡ್ ಚೀಟೀಲಿ ಬರೆದು ಕೊಡ್ಬೇಡಿ, ರಿಪೇರಿಗೆ ಅಂತಲೇ ಬೇರೆ ಯೂಸರ್ ಒಂದು ಮಾಡಿಟ್ಟು ಅದರದ್ದು ಕೊಡಿ, ಬ್ರೌಸರಲ್ಲಿ ಸೇವ್ ಆಗಿರೋ ಬ್ಯಾಂಕ್ ಲಾಗಿನ್ ಎಲ್ಲಾ ತೆಗೆದ್ಹಾಕಿ.

ಆಮೇಲೆ ಅಂಗಡಿಯೋರ ಕೈಯಿಂದ ಜಾಬ್ ಶೀಟ್ (ಏನು ಕೊಟ್ರಿ, ಏನು ಕಂಪ್ಲೇಂಟ್ ಅಂತ ಬರೆದ ಚೀಟಿ) ಇಸ್ಕೊಳ್ಳಿ. ಇಲ್ಲ ಅಂದ್ರೆ ಅಲ್ಲೇ ಕೌಂಟರ್ ಹತ್ರ ನಿಂತ್ಕೊಂಡೇ ಅವರ ನಂಬರ್‌ಗೆ ಹೀಗೊಂದು ಮೆಸೇಜ್ ಹಾಕಿ:

"ಸಾರ್, ಇವತ್ತು ನನ್ನ ಲ್ಯಾಪ್‌ಟಾಪ್ ನಿಮ್ಮ ಹತ್ರ ಬಿಟ್ಟಿದೀನಿ, ಸೀರಿಯಲ್ ನಂಬರ್ ಫೋಟೋದಲ್ಲಿದೆ, ಚಾರ್ಜರ್ ಸಮೇತ. ಕಂಪ್ಲೇಂಟ್: ಆನ್ ಆಗ್ತಿಲ್ಲ. ಚೆಕ್ಕಿಂಗ್ ಚಾರ್ಜ್ 300 ಅಂತ ಹೇಳಿದೀರಿ. ಏನೇ ಪಾರ್ಟ್ ಹಾಕೋದಿದ್ರೂ, 300ಕ್ಕಿಂತ ಜಾಸ್ತಿ ಆಗೋದಿದ್ರೂ ನನ್ನ ಕೇಳಿ ನಾನು ಓಕೆ ಅಂದ್ಮೇಲೆ ಮಾಡಿ. ತೆಗೆದ ಹಳೇ ಪಾರ್ಟ್ ವಾಪಸ್ ಬೇಕು."

ಇಷ್ಟೇ. ಅವರು ಒಂದು ಥಂಬ್ಸ್ ಅಪ್ ಒತ್ತಿದ್ರೂ ಸಾಕು. ಮುಂದೆ ಏನೇ ಆದ್ರೂ ಎಲ್ಲಾ ವಾದ ಈ ಮೆಸೇಜ್ ಮೇಲೇ ನಿಲ್ಲೋದು. ಸಂಕೋಚ ಮಾಡ್ಕೋಬೇಡಿ, ಒಳ್ಳೆ ಅಂಗಡಿಯೋರಿಗೆ ಇದರಿಂದ ಬೇಜಾರಾಗಲ್ಲ, ಅವರಿಗೂ "ನಾನು ಹಂಗೆ ಹೇಳೇ ಇಲ್ಲ" ಅನ್ನೋ ಗಿರಾಕಿಗಳ ಕಾಟ ಸಾಕಾಗಿರತ್ತೆ.

"ಬೋರ್ಡ್ ಹೋಗಿದೆ" ಅಂತ ಫೋನ್ ಬಂದಾಗ

ಎರಡು ದಿನ ಬಿಟ್ಟು ಫೋನ್ ಬರತ್ತೆ, "ಸಾರ್, ಬೋರ್ಡ್ ಹೋಗಿದೆ, ಹನ್ನೆರಡು ಸಾವಿರ ಆಗತ್ತೆ, ಮಾಡ್ಲಾ?" ತಕ್ಷಣ ಹೂಂ ಅನ್ಬೇಡಿ. ಬೋರ್ಡ್ ಪೂರ್ತಿ ಬದಲಾಯಿಸ್ತೀರಾ, ಚಿಪ್ ಲೆವೆಲ್ ರಿಪೇರಿನಾ ಅಂತ ಕೇಳಿ. ಎರಡೂ ಬೇರೆ ಬೇರೆ ರೇಟು. ಚಿಪ್ ಲೆವೆಲ್ ಅಂದ್ರೆ ಬೋರ್ಡ್ ಮೇಲೆ ಶಾರ್ಟ್ ಆಗಿರೋ ಕೆಪಾಸಿಟರ್ರೋ ಐಸಿ ಚಿಪ್ಪೋ ಅಂಥ ಸಣ್ಣ ಬಿಡಿಭಾಗ ಹುಡುಕಿ ಅದೊಂದನ್ನೇ ಬೆಸುಗೆ ಹಾಕಿ ಬದಲಾಯಿಸೋದು, ಇದಕ್ಕೆ ಕೌಶಲ ಬೇಕು, ಪಾರ್ಟ್ ಬೆಲೆ ಕಮ್ಮಿ, ಕೆಲಸದ ಬೆಲೆ ಜಾಸ್ತಿ. ಬದಲಾಯಿಸೋ ಬೋರ್ಡ್ ಆದ್ರೆ ಹೊಸದಾ, ಹಳೇ ಲ್ಯಾಪ್‌ಟಾಪಿಂದ ಕಿತ್ತಿದ್ದಾ, ಎಷ್ಟು ತಿಂಗಳು ವಾರಂಟಿ, ಇವನ್ನ ಮೆಸೇಜಲ್ಲಿ ಬರೆಸ್ಕೊಳ್ಳಿ. ದೊಡ್ಡ ಮೊತ್ತ ಆದ್ರೆ ಚೆಕ್ಕಿಂಗ್ ಚಾರ್ಜ್ ಕೊಟ್ಟು ಲ್ಯಾಪ್‌ಟಾಪ್ ಎತ್ಕೊಂಡು ಇನ್ನೊಂದು ಅಂಗಡೀಲಿ ತೋರ್ಸಿ, ಮೊದಲನೇ ಅಂಗಡಿಯೋರು ಏನಂದ್ರು ಅಂತ ಎರಡನೇ ಅಂಗಡೀಲಿ ಹೇಳ್ಬೇಡಿ, ಸುಮ್ನೆ "ಆನ್ ಆಗ್ತಿಲ್ಲ" ಅನ್ನಿ.

ಅಡ್ವಾನ್ಸ್ ಕೇಳಿದ್ರೆ ತರಿಸೋ ಪಾರ್ಟಿನ ಬೆಲೆಯಷ್ಟು, ಅಥವಾ ಅರ್ಧ. ಪೂರ್ತಿ ದುಡ್ಡು ಮೊದಲೇ ಕೊಟ್ರೆ ಕೆಲಸ "ನಾಳೆ ಸಾರ್"ಗೆ ಬೀಳತ್ತೆ. ಯುಪಿಐ ಮಾಡ್ದಾಗ ನೋಟ್ ಅಂತ ಒಂದು ಜಾಗ ಇರತ್ತಲ್ಲ ಅಲ್ಲಿ "ಲ್ಯಾಪ್‌ಟಾಪ್ ಸ್ಕ್ರೀನ್ ಅಡ್ವಾನ್ಸ್" ಅಂತ ಬರೀರಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿ ಕ್ಯೂಆರ್ ಕೋಡ್ ಕಿತ್ತು ಕ್ಯಾಶ್ ಓನ್ಲಿ ಬೋರ್ಡ್ ಹಾಕಿದ್ರು. ಅವರು ಕ್ಯಾಶೇ ಬೇಕು ಅಂದ್ರೆ ಕೊಡಿ, ಆದ್ರೆ "ಇಷ್ಟು ಕ್ಯಾಶ್ ಕೊಟ್ಟಿದೀನಿ" ಅಂತ ಅಲ್ಲೇ ಮೆಸೇಜ್ ಹಾಕಿ. ಹೋಮ್ ಸರ್ವಿಸ್ ಆಪ್‌ನಲ್ಲಿ ಬುಕ್ ಮಾಡಿ ಬಂದ ಹುಡುಗ "ಆಪಲ್ಲಿ ಕ್ಯಾನ್ಸಲ್ ಮಾಡಿ ಸಾರ್, ನಂಗೇ ಕೊಡಿ, 200 ಕಮ್ಮಿ ಮಾಡ್ತೀನಿ" ಅಂದ್ರೆ ಬೇಡ. ಆ 200ರ ಜೊತೆ ಕಂಪನಿ ಕೊಡೋ ವಾರಂಟಿಯೂ ಹೋಯ್ತು, ನಾಳೆ ಕೆಟ್ರೆ ಕೇಳೋಕೆ ಆ ಹುಡುಗನ ನಂಬರ್ ಬಿಟ್ರೆ ಏನೂ ಇರಲ್ಲ.

ಬಿಲ್ ಓದೋದು

ನಮ್ಮ ಪಕ್ಕದ ರೋಡಲ್ಲಿರೋ ರಿಟೈರ್ಡ್ ಮೇಷ್ಟ್ರೊಬ್ಬರಿಗೆ ಬಂದ ಬಿಲ್ ಹೇಳ್ತೀನಿ, ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ. ಕಂಪ್ಯೂಟರ್ ಸ್ಲೋ ಆಗಿದೆ, ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕ್ಕೊಡಿ, ಫೋಟೋ ಎಲ್ಲಾ ಬ್ಯಾಕಪ್ ಮಾಡ್ಕೊಡಿ ಅಂತ ಹೇಳಿದ್ರು. ಫೋನಲ್ಲಿ ರಿಪೇರಿ ಹುಡುಗ ಸರ್ವಿಸ್ ಚಾರ್ಜ್ 500 ಅಂದಿದ್ನಂತೆ. ಬಿಲ್ಲಲ್ಲಿ ಬಂದಿದ್ದು: ಸರ್ವಿಸ್ 1500, ಓಎಸ್ (ಅಂದ್ರೆ ವಿಂಡೋಸ್ ಹಾಕಿದ್ದಕ್ಕೆ) 800, ಡ್ರೈವರ್ (ಸೌಂಡ್, ವೈಫೈ ಎಲ್ಲಾ ಓಡಿಸೋ ಸಣ್ಣ ಸಾಫ್ಟ್‌ವೇರ್) 400, ಆಂಟಿವೈರಸ್ 900, ಬ್ಯಾಕಪ್ 600, ಒಟ್ಟು 4200, ಅದರ ಮೇಲೆ ಜಿಎಸ್‌ಟಿ 756, ಎಲ್ಲಾ ಸೇರಿ 4956.

ಮೇಷ್ಟ್ರು ಕೂಗಾಡ್ಲಿಲ್ಲ. ಬಿಲ್ ಟೇಬಲ್ ಮೇಲಿಟ್ಟು ಕೆಂಪು ಪೆನ್ ತೆಗೆದ್ರು (ಅಭ್ಯಾಸ ಬಿಡಲ್ಲ ನೋಡಿ), ಒಂದೊಂದೇ ಲೈನ್ ಕೇಳ್ತಾ ಹೋದ್ರು. "ನೋಡಪ್ಪ, ಸರ್ವಿಸ್ ಐನೂರು ಅಂತ ನೀನೇ ಅಂದಿದ್ದೆ, ಮೂರರಷ್ಟಾಯ್ತು ಯಾಕೆ?" "ಅದು ಸಾರ್, ಎರಡ್ ಸಲ ಬಂದೆ ಅಲ್ವಾ." "ಎರಡನೇ ಸಲ ಬಂದಿದ್ದು ನೀನು ಪೆನ್‌ಡ್ರೈವ್ ಮರೆತು ಹೋಗಿದ್ದಕ್ಕಲ್ವೇನಪ್ಪ?" ಹುಡುಗ ಸುಮ್ನಾದ. ಡ್ರೈವರ್ ಅನ್ನೋದು ವಿಂಡೋಸ್ ಹಾಕೋ ಕೆಲಸದ್ದೇ ಭಾಗ, ಬಹುಪಾಲು ವಿಂಡೋಸ್ ತಾನೇ ಇಂಟರ್ನೆಟ್ಟಿಂದ ಹಾಕ್ಕೊಳತ್ತೆ, ಬೇರೆ ಚಾರ್ಜ್ ಹಾಕೋದು ನ್ಯಾಯ ಅಲ್ಲ. ಆಂಟಿವೈರಸ್ ಅವರು ಕೇಳೇ ಇರ್ಲಿಲ್ಲ, ವಿಂಡೋಸ್ ಜೊತೆಗೇ ಡಿಫೆಂಡರ್ ಅನ್ನೋ ಆಂಟಿವೈರಸ್ ಪುಕ್ಕಟೆ ಬರತ್ತೆ, "ಬೇಡಪ್ಪ, ತೆಗೆದು ನಿನ್ನ ಕೀ ನೀನು ತಗೋ" ಅಂದ್ರು. ಬ್ಯಾಕಪ್‌ಗೆ 600 ಅಂದಿದ್ದಕ್ಕೆ ಮಾತ್ರ ತಕರಾರಿಲ್ಲ, ಅದು ನಿಜವಾಗ್ಲೂ ಹೊತ್ತು ಹಿಡಿಯೋ ಕೆಲಸ.

ಜಿಎಸ್‌ಟಿ ಲೈನ್ ಹತ್ರ ಬಂದಾಗ ಬಿಲ್ಲಲ್ಲಿ ಜಿಎಸ್‌ಟಿ ನಂಬರೇ ಇರ್ಲಿಲ್ಲ. ಇದನ್ನ ಎಲ್ಲರೂ ತಿಳ್ಕೊಳ್ಳಿ. ರಿಪೇರಿ ಕೆಲಸಕ್ಕೆ ಜಿಎಸ್‌ಟಿ 18 ಪರ್ಸೆಂಟ್ ಹೌದು, ಆದ್ರೆ ನೋಂದಣಿ ಆಗಿರೋರು ಮಾತ್ರ ಅದನ್ನ ವಸೂಲಿ ಮಾಡ್ಬಹುದು. ಬರೀ ಸರ್ವಿಸ್ ಮಾಡೋರಿಗೆ ವರ್ಷದ ವಹಿವಾಟು 20 ಲಕ್ಷ ದಾಟೋ ತನಕ ಸಾಮಾನ್ಯವಾಗಿ ನೋಂದಣಿ ಕಡ್ಡಾಯ ಅಲ್ಲ, ಹಾಗಾಗಿ ನಂಬರ್ ಇಲ್ದೇ ಇರೋದು ತಪ್ಪಲ್ಲ, ನಂಬರ್ ಇಲ್ದೆ ಜಿಎಸ್‌ಟಿ ಅಂತ ಇಸ್ಕೊಳ್ಳೋದು ತಪ್ಪು. ಕಂಪೋಸಿಷನ್ ಸ್ಕೀಮಲ್ಲಿ (ಸಣ್ಣ ವ್ಯಾಪಾರಿಗಳು ಕಮ್ಮಿ ದರದಲ್ಲಿ ತಾವೇ ತೆರಿಗೆ ಕಟ್ಟೋ ಪದ್ಧತಿ) ಇರೋರೂ ಗಿರಾಕಿ ಹತ್ರ ಬೇರೆಯಾಗಿ ತೆರಿಗೆ ಇಸ್ಕೊಳ್ಳೋ ಹಾಗಿಲ್ಲ. ನಂಬರ್ 15 ಅಕ್ಷರ-ಅಂಕಿದು, ಕರ್ನಾಟಕದ್ದಾದ್ರೆ 29ರಿಂದ ಶುರುವಾಗತ್ತೆ, ಜಿಎಸ್‌ಟಿ ವೆಬ್‌ಸೈಟಲ್ಲಿ ಸರ್ಚ್ ಟ್ಯಾಕ್ಸ್‌ಪೇಯರ್ ಅಂತ ಇದೆ, ಅಲ್ಲಿ ಹಾಕಿದ್ರೆ ಯಾರ ಹೆಸರಲ್ಲಿದೆ, ಚಾಲ್ತೀಲಿದೆಯಾ ಅಂತ ಬರತ್ತೆ. ಕೊನೆಗೆ 500, 800, 600 ಸೇರಿ 1900 ಆಯ್ತು, ಮೇಷ್ಟ್ರು ಎರಡು ಸಾವಿರ ಕೊಟ್ಟು ಕಾಫಿನೂ ಕೊಟ್ಟು ಕಳಿಸಿದ್ರು.

ಓಎಸ್ ಬಗ್ಗೆ ಇನ್ನೊಂದ್ ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತು, ಅವಾಗಿಂದ "11 ಹಾಕ್ಸಿ, ಲೈಸೆನ್ಸ್ ಬೇರೆ ಆಗತ್ತೆ" ಅಂತ ದುಡ್ಡು ಕೇಳೋರು ಜಾಸ್ತಿ ಆಗಿದಾರೆ. ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ 10 ಜೊತೆಗೇ ಬಂದಿದ್ದಾದ್ರೆ, 11 ಓಡಿಸೋ ತಾಕತ್ತು ಅದಕ್ಕಿದ್ರೆ, ಅಪ್‌ಗ್ರೇಡ್ ಉಚಿತ. ಮತ್ತೆ ಹಾಕ್ಸಿದ್ರೂ ಲೈಸೆನ್ಸ್ ಕೀ ಮೆಷಿನ್ ಒಳಗೇ ಇರತ್ತೆ, ಇಂಟರ್ನೆಟ್ ಸಿಕ್ಕಿದ ಕೂಡಲೇ ತಾನೇ ಆಕ್ಟಿವೇಟ್ ಆಗತ್ತೆ. ಹಾಕೋ ಕೂಲಿ ಕೊಡಿ, ಲೈಸೆನ್ಸ್ ದುಡ್ಡು ಕೊಡ್ಬೇಡಿ. ಜೋಡಿಸಿದ ಡೆಸ್ಕ್‌ಟಾಪ್ ಆಗಿದ್ರೆ ಮಾತ್ರ ಲೈಸೆನ್ಸ್ ಬೇರೆ ಕೊಳ್ಬೇಕಾಗಬಹುದು, ಆಗ ಅದಕ್ಕೆ ಬಿಲ್ ಕೇಳಿ. ಬಿಲ್ ಇಲ್ದೆ 300 ರೂಪಾಯಿಗೆ "ಲೈಫ್‌ಟೈಮ್" ಅಂದ್ರೆ ಅದು ಕ್ರ್ಯಾಕ್, ಅಂದ್ರೆ ಕಳ್ಳ ಲೈಸೆನ್ಸ್ ಅಂತಲೇ ಇಟ್ಕೊಳ್ಳಿ.

ದುಡ್ಡು ಕೊಡೋಕೆ ಮುಂಚೆ ಅಲ್ಲೇ ಟೆಸ್ಟ್ ಮಾಡಿ. ಹೊಸ ಎಸ್‌ಎಸ್‌ಡಿ ಹಾಕಿದೀವಿ ಅಂದ್ರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿ "ಪವರ್ ಆನ್ ಅವರ್ಸ್" ನೋಡಿ, ಹೊಸದಾದ್ರೆ ಒಂದೋ ಎರಡೋ ಗಂಟೆ ಇರತ್ತೆ, ನಾಲ್ಕು ಸಾವಿರ ಗಂಟೆ ಅಂತ ಇದ್ರೆ ಅದು ಇನ್ಯಾರದೋ ಆಫೀಸಲ್ಲಿ ದುಡಿದು ಬಂದಿದ್ದು. ಬ್ಯಾಟರಿ ಬದಲಾಯಿಸಿದ್ರೆ ಕಮಾಂಡ್ ಪ್ರಾಂಪ್ಟಲ್ಲಿ powercfg /batteryreport ಅಂತ ಹೊಡೆದು ಕೊಟ್ರೆ ಒಂದು ರಿಪೋರ್ಟ್ ಬರತ್ತೆ, ಅದರಲ್ಲಿ ಡಿಸೈನ್ ಕೆಪಾಸಿಟಿ (ಹೊಸದ್ರಲ್ಲಿ ಹಿಡಿಯೋಷ್ಟು ಚಾರ್ಜ್) ಮತ್ತೆ ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯೋಷ್ಟು) ಎರಡೂ ಹತ್ರ ಹತ್ರ ಇರ್ಬೇಕು. ಕ್ಯಾಮೆರಾ, ಸ್ಪೀಕರ್, ವೈಫೈ, ಎಲ್ಲಾ ಯುಎಸ್‌ಬಿ ಪೋರ್ಟ್ ನೋಡಿ. ಹಿಂದೆ ಗಿರಾಕಿ ಕಾಯ್ತಿದಾರೆ ಅಂತ ಅವಸರ ಮಾಡಿದ್ರೆ, ಕಾಯ್ಲಿ ಬಿಡಿ.

ಜಗಳ ಬಂದೇ ಬಿಡ್ತು ಅಂದ್ರೆ

ತುಂಬಾ ಜನಕ್ಕೆ ಒಂದು ತಪ್ಪು ತಿಳುವಳಿಕೆ ಇದೆ, "ನನ್ನ ಲ್ಯಾಪ್‌ಟಾಪ್, ಅವನು ಹೆಂಗೆ ಇಟ್ಕೋತಾನೆ" ಅಂತ. ಇಟ್ಕೋಬಹುದು. 1872ರ ಕಾಂಟ್ರಾಕ್ಟ್ ಆಕ್ಟ್‌ನ 170ನೇ ಸೆಕ್ಷನ್ ಪ್ರಕಾರ ನೀವು ಕೊಟ್ಟ ವಸ್ತು ಮೇಲೆ ಕೆಲಸ ಮಾಡ್ದೋರು ಆ ಕೆಲಸದ ಕೂಲಿ ಬರೋ ತನಕ ವಸ್ತುನ ತಡೆಹಿಡೀಬಹುದು, ಕಾನೂನಲ್ಲೇ ಉದಾಹರಣೆ ಇದೆ, ವಜ್ರ ಕೊರೆಯೋಕೆ ಕೊಟ್ರೆ ಕೂಲಿ ಕೊಡೋ ತನಕ ಅಕ್ಕಸಾಲಿಗ ವಜ್ರ ಇಟ್ಕೋಬಹುದು ಅಂತ. ಆದ್ರೆ ಅದು ಆ ವಸ್ತು ಮೇಲೆ ಮಾಡಿದ ಕೆಲಸಕ್ಕೆ ಮಾತ್ರ. ಹೋದ ವರ್ಷದ ಪ್ರಿಂಟರ್ ಬಾಕಿಗೆ ಅಂತ ಈ ವರ್ಷದ ಲ್ಯಾಪ್‌ಟಾಪ್ ಹಿಡ್ಕೊಳ್ಳೋಕಾಗಲ್ಲ. ಹಾಗೇನೇ, ಕೇಳದೇ ಹಾಕಿದ ಪಾರ್ಟ್ ಬಗ್ಗೆ, "ನಾನು ಹೇಳಿರ್ಲಿಲ್ಲ, ದುಡ್ಡು ಕೊಡಲ್ಲ" ಅಂತ ಹೇಳಿ ಆ ಪಾರ್ಟನ್ನ ಆರಾಮಾಗಿ ಬಳಸ್ಕೊಂಡು ಇರೋದೂ ನಡೆಯಲ್ಲ, ಅದೇ ಕಾಯ್ದೆಯ 70ನೇ ಸೆಕ್ಷನ್ ಪುಕ್ಕಟೆ ಅಂತ ಮಾಡದೇ ಇರೋ ಕೆಲಸದ ಲಾಭ ಪಡೆದೋರು ಅದಕ್ಕೆ ಕೊಡ್ಬೇಕು ಅನ್ನತ್ತೆ. ಬೇಡ ಅಂದ್ರೆ "ತೆಗೆದು ಹಳೇದು ಹಾಕ್ಕೊಡಿ" ಅನ್ನಿ. ಹಳೇ ಪಾರ್ಟ್ ವಾಪಸ್ ಬೇಕು ಅಂತ ಮೆಸೇಜಲ್ಲಿ ಬರೆದಿದ್ದು ಇದಕ್ಕೇ.

ಲ್ಯಾಪ್‌ಟಾಪ್ ಅರ್ಜೆಂಟಾಗಿ ಬೇಕು, ಅವರು ಬಿಡ್ತಿಲ್ಲ, ಮೊತ್ತ ಅನ್ಯಾಯ ಅನ್ನಿಸ್ತಿದೆ, ಆಗ ಕಿತ್ತಾಡ್ಬೇಡಿ. ಕೇಳಿದಷ್ಟು ಯುಪಿಐ ಮಾಡಿ, ಬಿಲ್ ಇಸ್ಕೊಂಡು, ತಕ್ಷಣ ಮೆಸೇಜ್ ಹಾಕಿ: "ಮಾತಾಡಿದ್ದು 1500, ನೀವು ತಗೊಂಡಿದ್ದು 3800. ಲ್ಯಾಪ್‌ಟಾಪ್ ಬೇಕಾಗಿದ್ರಿಂದ ಒಪ್ಪಿಗೆ ಇಲ್ದೇನೇ ಕೊಟ್ಟಿದೀನಿ, 2300 ವಾಪಸ್ ಕೊಡಿ." ವಸ್ತು ನಿಮ್ಮ ಕೈಗೆ ಬಂತು, ತಕರಾರೂ ದಾಖಲೆ ಆಯ್ತು. ಪೊಲೀಸ್ ಸ್ಟೇಷನ್‌ಗೆ ಹೋದ್ರೆ ರೇಟಿನ ಜಗಳಕ್ಕೆ ಸಾಮಾನ್ಯವಾಗಿ "ಇದು ಸಿವಿಲ್ ಮ್ಯಾಟರ್ ಕಣ್ರೀ" ಅಂತ ಕಳಿಸ್ತಾರೆ. ಪಾರ್ಟ್ ಕದ್ದಿದಾರೆ, ಲ್ಯಾಪ್‌ಟಾಪೇ ಕೊಡ್ತಿಲ್ಲ, ಅಂಗಡಿ ಬಾಗಿಲು ಹಾಕ್ಕೊಂಡು ಹೋಗಿದಾರೆ ಅಂದ್ರೆ ಆ ಮಾತು ಬೇರೆ.

ಮುಂದಿನದು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ಬಹುದು. ಅವರು ತೀರ್ಪು ಕೊಡಲ್ಲ, ದೂರನ್ನ ಅಂಗಡಿಗೋ ಕಂಪನಿಗೋ ದಾಟಿಸಿ ಉತ್ತರ ಕೇಳ್ತಾರೆ, ದೊಡ್ಡ ಕಂಪನಿಗಳಾದ್ರೆ ಇಷ್ಟಕ್ಕೇ ಎಷ್ಟೋ ಸಲ ದುಡ್ಡು ವಾಪಸ್ ಬರತ್ತೆ, ಗಲ್ಲಿ ಅಂಗಡಿಯಾದ್ರೆ ಅಷ್ಟು ಗ್ಯಾರಂಟಿ ಇಲ್ಲ. ಅದೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ನೀವಿರೋ ಜಿಲ್ಲೇಲೇ ಕೇಸ್ ಹಾಕ್ಬಹುದು, ಬೆಂಗಳೂರಿನ ಅಂಗಡಿ ಮೇಲೆ ಶಿವಮೊಗ್ಗದಲ್ಲಿ ಕೂತು ಹಾಕ್ಬಹುದು. ನೀವು ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಫೀಸಿಲ್ಲ, ವಕೀಲರು ಕಡ್ಡಾಯ ಅಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನಲ್ಲೇ ಸಲ್ಲಿಸ್ಬಹುದು, ಎರಡು ವರ್ಷದ ಒಳಗೆ ಹಾಕ್ಬೇಕು. ಬಿಲ್ ಕೊಡದೇ ಇರೋದನ್ನೇ ಆ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆಯತ್ತೆ, ದೋಷ ಇರೋ ವಸ್ತು ವಾಪಸ್ ತಗೊಂಡು ಬಿಲ್ಲಲ್ಲಿ ಹೇಳಿದ ಅವಧೀಲಿ, ಅವಧಿ ಬರೆದಿಲ್ಲ ಅಂದ್ರೆ 30 ದಿನದಲ್ಲಿ, ದುಡ್ಡು ಕೊಡಲ್ಲ ಅನ್ನೋದೂ ಅಷ್ಟೇ. ಹಾಗಾಗಿ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಅಚ್ಚು ಹಾಕ್ಸಿರೋದನ್ನ ನೋಡಿ ಸುಮ್ನಾಗ್ಬೇಡಿ. ಕೇಸ್ ಹಾಕೋಕೆ ಮುಂಚೆ ಏನಾಯ್ತು, ಎಷ್ಟು ವಾಪಸ್ ಬೇಕು, 15 ದಿನ ಟೈಮ್ ಅಂತ ಒಂದು ಪುಟದ ಪತ್ರ ಸ್ಪೀಡ್ ಪೋಸ್ಟಲ್ಲಿ ಕಳಿಸಿ, ಎಷ್ಟೋ ಕೇಸು ಅಲ್ಲೇ ರಾಜಿ ಆಗಬಹುದು.

ಎರಡು ಕಡೆ ಮಾತ್ರ ಈ ಕಾನೂನು ಕೈಕೊಡತ್ತೆ. ಪುಕ್ಕಟೆ ಮಾಡಿಸ್ಕೊಂಡ ಕೆಲಸಕ್ಕೆ ಗ್ರಾಹಕ ಆಯೋಗ ಇಲ್ಲ, ಅಂದ್ರೆ ಭಾವಮೈದ ಬಂದು ಫಾರ್ಮ್ಯಾಟ್ ಹೊಡೆದು ಫೋಟೋ ಎಲ್ಲಾ ಕಳೆದ ಅಂದ್ರೆ ಅದನ್ನ ಹಬ್ಬದ ಊಟಕ್ಕೆ ಸೇರಿದಾಗ ನೀವೇ ಬಗೆಹರಿಸ್ಕೋಬೇಕು. ಇನ್ನೊಂದು, ವ್ಯಾಪಾರದ ಕಂಪ್ಯೂಟರ್ ಆದ್ರೆ "ನೀವು ಗ್ರಾಹಕರೇ ಅಲ್ಲ" ಅಂತ ಎದುರಿನವರು ವಾದ ಮಾಡ್ತಾರೆ, ಆದ್ರೆ ಒಬ್ಬರೇ ಜೆರಾಕ್ಸ್ ಅಂಗಡಿನೋ ಟ್ಯೂಷನ್ನೋ ಹೊಟ್ಟೆಪಾಡಿಗೆ ನಡೆಸ್ತಿದ್ರೆ ಸ್ವಯಂ ಉದ್ಯೋಗ ಅಂತ ವಿನಾಯಿತಿ ಕೇಳ್ಬಹುದು, ದೂರಲ್ಲೇ ಅದನ್ನ ಬರೀರಿ.

ಇದೆಲ್ಲಾ ಮುಖ ನೋಡಿ ಕೊಟ್ಟ ಅಂಗಡಿಯೋರ ವಿಷ್ಯ. ಸ್ಕ್ರೀನ್ ಮೇಲೆ "ವೈರಸ್ ಬಂದಿದೆ, ಈ ನಂಬರ್‌ಗೆ ಕರೆ ಮಾಡಿ" ಅಂತ ಬಂದು, ಫೋನ್ ಮಾಡ್ದಾಗ ಎನಿಡೆಸ್ಕ್ (ದೂರದಿಂದಲೇ ನಿಮ್ಮ ಕಂಪ್ಯೂಟರ್ ಓಡಿಸೋ ಆಪ್) ಹಾಕ್ಸಿ ರಿಪೇರಿ ಫೀಸ್ ಅಂತ ದುಡ್ಡು ಕಿತ್ತಿದ್ರೆ ಅದು ಬಿಲ್ ಜಗಳ ಅಲ್ಲ, ಮೋಸ. ನೆಟ್ ಕನೆಕ್ಷನ್ ಕಿತ್ತು, ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ, ಎಷ್ಟು ಬೇಗ ಹೇಳ್ತೀರೋ ದುಡ್ಡು ತಡೆಹಿಡಿಯೋ ಸಾಧ್ಯತೆ ಅಷ್ಟು ಜಾಸ್ತಿ. ಆಮೇಲೆ "ರೀಫಂಡ್ ಕೊಡ್ತೀವಿ, ಪಿನ್ ಹಾಕಿ" ಅಂತ ಇನ್ನೊಂದು ಕಾಲ್ ಬರತ್ತೆ. ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಡ, ಹೋಗೋಕೆ ಮಾತ್ರ ಬೇಕು.